ಜಾಮೀನುದಾರನೊಬ್ಬ ಸಾಲ ಬಿಟ್ಟ ಬಗೆ

ಗದಗ-ಬೆಟಗೇರಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದು ನಿವೃತ್ತನಾದವನು ನಾನು. ನಮ್ಮ ಚರ್ಚಿನ ಸಭಾಪಾಲಕರು ಬೇರೆ ಊರಿಗೆ ಹೋಗಬೇಕಾದ ಭಾನುವಾರಗಳಲ್ಲಿ ನಮ್ಮ ಸಭೆಯಲ್ಲಿ ಪ್ರಸಂಗ ಮಾಡುವ ಹೊಣೆಯೂ ಬಹಳ ವರ್ಷಗಳಿಂದ ನನ್ನ ಮೇಲಿದೆ. ಕ್ಷಮೆಯ ವಿಷಯವಾಗಿ ಪ್ರಸಂಗ ಮಾಡಿದ್ದು ಎಷ್ಟು ಸಲವೋ ನೆನಪಿಲ್ಲ. ಸಣ್ಣಪುಟ್ಟ ಮಾತುಗಳನ್ನು ಬಿಟ್ಟರೆ ನಿಜವಾಗಿ ಕ್ಷಮಿಸಬೇಕಾಗಿ ಬಂದದ್ದು ಒಂದೇ ಸಲ, ಅದಕ್ಕೆ ಏಳು ವರ್ಷ ಹಿಡಿಯಿತು.

2009ರಲ್ಲಿ ನನ್ನ ಚಿಕ್ಕಪ್ಪನ ಮಗ ಬಾಡಿಗೆಗೆ ಓಡಿಸಲು ಸರಕು ಸಾಗಿಸುವ ಗಾಡಿಯೊಂದನ್ನು ಕೊಳ್ಳಲು ಬ್ಯಾಂಕಿನಲ್ಲಿ ಸಾಲ ಕೇಳಿದ. ಜಾಮೀನು ಬೇಕಾಗಿತ್ತು. "ಅಣ್ಣಾ, ನಿನ್ನ ಸಹಿ ಒಂದಿದ್ರ ಸಾಕು, ಉಳಿದದ್ದು ನಾ ನೋಡ್ಕೋತೀನಿ" ಎಂದ. ಸಾಲಗಾರನಷ್ಟೇ ಜಾಮೀನುದಾರನೂ ಹೊಣೆ ಎಂದು ಸಂಘದ ಕೌಂಟರಿನಲ್ಲಿ ಕೂತು ನೂರಾರು ಜನರಿಗೆ ತಿಳಿಹೇಳಿದ್ದವನು ನಾನೇ. ನೆರೆಯವನಿಗೆ ಹೊಣೆಯಾಗುವವನು ಬುದ್ಧಿಯಿಲ್ಲದವನು ಎಂದು ಬೈಬಲಿನ ಜ್ಞಾನೋಕ್ತಿಗಳ 17ನೇ ಅಧ್ಯಾಯ ಹೇಳುವುದೂ ನನಗೆ ಗೊತ್ತಿತ್ತು. ಆದರೂ ಸಹಿ ಹಾಕಿದೆ. ಮನೆಯಾಕೆಯನ್ನು ಒಂದು ಮಾತು ಕೇಳಲಿಲ್ಲ. ಏಳು ಕಂತು ಕಟ್ಟಿದ ಮೇಲೆ ತಮ್ಮನು ಗಾಡಿ ಮಾರಿ ಊರು ಬಿಟ್ಟ. 2010ರ ಜೂನ್ ತಿಂಗಳಿಂದ ನನ್ನ ಪಗಾರದಲ್ಲಿ ಪ್ರತಿ ತಿಂಗಳೂ 6,200 ರೂಪಾಯಿ ಕಡಿತವಾಗತೊಡಗಿತು. ಅರವತ್ತು ತಿಂಗಳಿಗೆ 3,72,000. ಮಗಳು ಇಂಜಿನಿಯರಿಂಗ್ ಬಿಟ್ಟು ಊರಲ್ಲೇ ಬಿಎಸ್ಸಿ ಸೇರಿದಳು. ಹೆಂಡತಿಯ ಬಂಗಾರದ ಬಳೆ, ಎರಡು ಪಾಟ್ಲಿ, ಒತ್ತೆಗೆ ಹೋದವು, ಬಿಡಿಸಿಕೊಳ್ಳಲು ಆಗಲಿಲ್ಲ.

ಆ ಐದು ವರ್ಷ ನನ್ನ ಮೇಜಿನ ಖಾನೆಯಲ್ಲಿ ಒಂದು ಸಣ್ಣ ಕೆಂಪು ವಹಿ ಇತ್ತು. ಪ್ರತಿ ಪಗಾರದ ದಿನ ಕಡಿತದ ಮೊತ್ತವನ್ನೂ ಅಲ್ಲಿಯವರೆಗಿನ ಒಟ್ಟನ್ನೂ ಅದರಲ್ಲಿ ಬರೆಯುತ್ತಿದ್ದೆ. ಯಾರಿಗೂ ತೋರಿಸುವುದಕ್ಕಲ್ಲ; 1872ರ ಕರಾರು ಕಾಯ್ದೆಯ 140ನೇ ಕಲಮಿನ ಪ್ರಕಾರ ಸಾಲ ತೀರಿಸಿದ ಜಾಮೀನುದಾರನಿಗೆ ಸಾಲ ಕೊಟ್ಟವನ ಹಕ್ಕುಗಳೆಲ್ಲ ಬರುತ್ತವೆ ಎಂಬುದನ್ನು ತಿಳಿದವನಾದ್ದರಿಂದ, ನಾನೀಗ ತಮ್ಮನ ಧಣಿ ಎಂಬ ಒಂದು ಬಗೆಯ ಕಹಿಯಾದ ಸಮಾಧಾನ ಆ ವಹಿಯಲ್ಲಿ ಸಿಗುತ್ತಿತ್ತು. ಪ್ರೀತಿಯು ಅಪಕಾರವನ್ನು ಲೆಕ್ಕದಲ್ಲಿಡುವುದಿಲ್ಲ ಎಂದು ಯೇಸುವಿನ ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮಾತಿನಲ್ಲಿರುವ ಗ್ರೀಕ್ ಕ್ರಿಯಾಪದ ಲೆಕ್ಕ ಬರೆಯುವವರ ಪದವೇ ಎಂಬುದನ್ನು ನಾನು ಓದಿದ್ದು ಆಮೇಲೆ.

ಇದರ ನಡುವೆ, 2012ರಲ್ಲಿ ಒಂದು ಉಜ್ಜೀವನ ಕೂಟದಲ್ಲಿ, ವೈರವಿಟ್ಟುಕೊಂಡವರು ಎದ್ದು ನಿಲ್ಲಿರಿ ಎಂದಾಗ ಎದ್ದು ನಿಂತು, ತಮ್ಮನನ್ನು ಕ್ಷಮಿಸಿದ್ದೇನೆ ಎಂದು ಎಲ್ಲರೆದುರು ಹೇಳಿದೆ. ಅಕ್ಕಪಕ್ಕದವರು ಸ್ತೋತ್ರ ಎಂದರು. ಮರುವಾರ ಪಗಾರವಾಯಿತು, ವಹಿಯಲ್ಲಿ ಬರೆದೆ. ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ: ನಾನು ಮಾಡಿದ್ದು ರೈಟ್ ಆಫ್, ಮನ್ನಾ ಅಲ್ಲ. ವಸೂಲಾಗದ ಸಾಲವನ್ನು ಬ್ಯಾಂಕು ರೈಟ್ ಆಫ್ ಮಾಡಿದಾಗ ಅದು ಆಸ್ತಿ-ಹೊಣೆಗಳ ಪಟ್ಟಿಯಿಂದ ಹೋಗುತ್ತದೆ, ಪಟ್ಟಿ ಚೊಕ್ಕವಾಗಿ ಕಾಣುತ್ತದೆ. ಆದರೆ ವಸೂಲಿಯ ಹಕ್ಕು ಹಾಗೆಯೇ ಇರುತ್ತದೆ, ನೋಟಿಸು ಹೋಗುತ್ತಲೇ ಇರುತ್ತದೆ. ಮನ್ನಾ ಆದರೆ ಕೇಳುವ ಹಕ್ಕೇ ಮುಗಿಯಿತು. ಸಭೆಗಳಲ್ಲಿ ನಾವು ಕ್ಷಮೆ ಎಂದು ಕರೆಯುವುದರಲ್ಲಿ ಬಹುಪಾಲು ರೈಟ್ ಆಫ್ ಎಂದೇ ನನ್ನ ಅಭಿಪ್ರಾಯ.

ಬದಲಾವಣೆ ಶುರುವಾದದ್ದು ಭಕ್ತಿಯಿಂದಲ್ಲ, ಲೆಕ್ಕದಿಂದ. 2015ರಲ್ಲಿ ಒಂದು ಭಾನುವಾರಕ್ಕೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವು (ದೃಷ್ಟಾಂತ ಕಥೆ) ನನ್ನ ಪಾಲಿಗೆ ಬಂತು. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿದ್ದ ಆಳು ಬಿಡುಗಡೆ ಪಡೆದು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದ ಕಥೆ. ದಿನಾರಿ ಒಂದು ದಿನದ ಕೂಲಿ, ತಲಾಂತಿಗೆ ಆರು ಸಾವಿರ ದಿನಾರಿ. ಕ್ಯಾಲ್ಕುಲೇಟರ್ ಹಿಡಿದು ಕೂತೆ. ಹತ್ತು ಸಾವಿರ ತಲಾಂತೆಂದರೆ ಆರು ಕೋಟಿ ದಿನದ ಕೂಲಿ. ವರ್ಷಕ್ಕೆ ಮುನ್ನೂರು ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. "ತಾಳಿಕೋ, ಎಲ್ಲಾ ತೀರಿಸುತ್ತೇನೆ" ಎಂದು ಆ ಆಳು ಅಡ್ಡಬೀಳುವುದರಲ್ಲಿ ಎಂಥ ನಗೆಪಾಟಲಿದೆ ಎಂಬುದು ಆಗ ಹೊಳೆಯಿತು. ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸಿ, ನೂರು ದಿನಾರಿ ಎಷ್ಟು ಕ್ಷುಲ್ಲಕ ನೋಡಿರಿ ಎನ್ನುತ್ತಾರೆ; ನಾನೂ ಹಾಗೆ ಹೇಳಿದ್ದೆ. ಆದರೆ ನೂರು ದಿನಾರಿ ಕ್ಷುಲ್ಲಕವಲ್ಲ. ಕೂಲಿಯವನಿಗೆ ಅದು ಮೂರು ತಿಂಗಳಿಗೂ ಮೀರಿದ ದುಡಿಮೆ, ಒಂದು ಮನೆಯ ಮಳೆಗಾಲದ ಊಟ. ಯೇಸು ಅಲ್ಲಿ ಒಂದು ದಿನಾರಿ ಎನ್ನಬಹುದಾಗಿತ್ತು, ಎನ್ನಲಿಲ್ಲ. ನನ್ನ 3,72,000 ರೂಪಾಯಿಯನ್ನು ಏನೂ ಅಲ್ಲ ಎಂದುಕೊಳ್ಳಬೇಕಾಗಿಲ್ಲ ಎಂಬುದು ಆ ರಾತ್ರಿ ನನಗೆ ಸಿಕ್ಕ ಮೊದಲ ಬಿಡುಗಡೆ. "ಹೋಗಲಿ ಬಿಡು, ದೊಡ್ಡದೇನಲ್ಲ" ಎಂದು ಹಿರಿಯರು ಹೇಳಿದಾಗಲೆಲ್ಲ ನನಗೆ ಸಿಟ್ಟು ಏಕೆ ಬರುತ್ತಿತ್ತು ಎಂಬುದೂ ಆಗ ತಿಳಿಯಿತು: ಇಲ್ಲದ ಸಾಲವನ್ನು ಯಾರೂ ಮನ್ನಾ ಮಾಡಲಾರರು.

ಆದ್ದರಿಂದ ಮೊದಲು ಮಾಡಿದ ಕೆಲಸ, ಏನು ಬಾಕಿ ಎಂಬುದನ್ನು ಪೂರ್ತಿಯಾಗಿ ಬರೆದದ್ದು. ಮನ್ನಾದ ಆದೇಶಕ್ಕೂ ಖಾತೆ ನಂಬರು, ಅಸಲು, ಬಡ್ಡಿ ಎಲ್ಲ ಬೇಕಲ್ಲವೇ. ಹಣದ ಕೆಳಗೆ ಮಗಳ ಇಂಜಿನಿಯರಿಂಗ್ ಬರೆದೆ. ಫೋನು ಮಾಡಿದಾಗಲೆಲ್ಲ ಅವನು ಕಟ್ ಮಾಡಿದ್ದನ್ನು ಬರೆದೆ. ಚಿಕ್ಕಪ್ಪ ತೀರಿಕೊಂಡಾಗ ಮಣ್ಣಿಗೆ ಬಂದವನು ನನ್ನ ಮುಖ ನೋಡದೆ ಹೋದದ್ದನ್ನು ಬರೆದೆ. ಹಣಕ್ಕಿಂತ ಅದೇ ಹೆಚ್ಚು ನೋಯುತ್ತಿತ್ತೆಂದು ಬರೆಯುವಾಗಲೇ ಗೊತ್ತಾದದ್ದು. ಪಾಟ್ಲಿ ಎಂದು ಬರೆಯುತ್ತಿದ್ದಾಗ ಹೆಂಡತಿ ಹಿಂದೆ ನಿಂತು ನೋಡಿ, "ನಿಮ್ಮ ಪಾಲಿಂದು ನೀವು ಬಿಡ್ರಿ. ಪಾಟ್ಲೀದು ನನ್ನ ಲೆಕ್ಕ" ಎಂದಳು. ಅವಳ ಮಾತು ಸರಿಯಾಗಿತ್ತು. ಇನ್ನೊಬ್ಬರಿಗೆ ಬರಬೇಕಾದದ್ದನ್ನು ನಾನು ಮನ್ನಾ ಮಾಡುವುದು ಧಾರಾಳತನವಲ್ಲ. ಆ ಸಾಲಿನ ಮೇಲೆ ಗೆರೆ ಎಳೆದೆ.

ಎರಡನೆಯದಾಗಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯೊಂದಿಗೆ, ಅದರಲ್ಲಿ ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬ ಮಾತಿನೊಂದಿಗೆ, ನನ್ನ ಜಗಳ. ಮತ್ತಾಯನ ಗ್ರೀಕ್ ಮೂಲದಲ್ಲಿ ಅಲ್ಲಿರುವುದು ತಪ್ಪು ಎಂಬ ಪದವಲ್ಲ, ಸಾಲ ಎಂಬ ಪದ. ಅದೂ ನಾವು ಬಿಡುತ್ತೇವೆ ಎಂದಲ್ಲ, ಬಿಟ್ಟಿದ್ದೇವೆ ಎಂಬ ಮುಗಿದ ಕಾರ್ಯದ ರೂಪ. ಮೂಲದಲ್ಲಿ ಬೇಡಿಕೆ ಮೊದಲು ಬಂದು ನಮ್ಮ ಕ್ಷಮೆಯ ಮಾತು ಹಿಂದೆ ಬರುತ್ತದೆ. ಕನ್ನಡದ ವಾಕ್ಯಕ್ಕೆ ಅದು ಒಗ್ಗುವುದಿಲ್ಲವಾದ್ದರಿಂದ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎಂದು ಮೊದಲು ಹೇಳಿ ಆಮೇಲೆ ನಮ್ಮದನ್ನು ಕೇಳುತ್ತೇವೆ. ಅಂದರೆ ಕನ್ನಡದಲ್ಲಿ ಪ್ರಾರ್ಥಿಸುವವನು ಕೇಳುವ ಮೊದಲೇ ತನ್ನ ಲೆಕ್ಕ ಒಪ್ಪಿಸಬೇಕು. ಆ ಸಾಲು ಬಂದಾಗ ನಾನು ವರ್ಷಗಟ್ಟಲೆ ತುಟಿ ಅಲ್ಲಾಡಿಸಿ ಸುಮ್ಮನಿರುತ್ತಿದ್ದೆ. ಆದರೆ ಅದೇ ಗ್ರೀಕ್ ಕ್ರಿಯಾಪದವು ಬೆಸ್ತರು ಬಲೆ ಬಿಟ್ಟು ಯೇಸುವಿನ ಹಿಂದೆ ಹೋದರು ಎನ್ನುವಲ್ಲಿಯೂ, ಪೇತ್ರನ ಅತ್ತೆಗೆ ಜ್ವರ ಬಿಟ್ಟಿತು ಎನ್ನುವಲ್ಲಿಯೂ ಬರುತ್ತದೆ ಎಂದು ವ್ಯಾಖ್ಯಾನದಲ್ಲಿ ಓದಿದಾಗ, ಇದು ನಮ್ಮ 'ಬಿಡು' ಅಲ್ಲವೇ ಎನಿಸಿತು. ಬಲೆ ಬಿಡುವುದು, ಜ್ವರ ಬಿಡುವುದು, ಸಾಲ ಬಿಡುವುದು. ಕ್ಷಮೆ ಎಂಬ ಸಂಸ್ಕೃತದ ಎತ್ತರದ ಮಾತಿಗಿಂತ ಬಿಡುವುದು ನನಗೆ ಕೈಗೆಟಕುವ ಕೆಲಸವಾಗಿ ಕಂಡಿತು. ಪ್ರೀತಿ ಉಕ್ಕಬೇಕಾಗಿಲ್ಲ, ಹಿಡಿದದ್ದನ್ನು ಬಿಟ್ಟರಾಯಿತು.

ಹಾಗೆಂದು ಒಮ್ಮೆಗೇ ಬಿಡಲಾಗಲಿಲ್ಲ. ಎದೆಯಲ್ಲಿದ್ದದ್ದನ್ನು ದೇವರ ಮುಂದೆ ಮರೆಮಾಚದೆ ಹೇಳಲು 109ನೇ ಕೀರ್ತನೆಯನ್ನು ಕೆಲವು ವಾರ ಬೆಳಗಿನ ಹೊತ್ತು ಗಟ್ಟಿಯಾಗಿ ಓದಿದೆ. ಸಭೆಯಲ್ಲಿ ಯಾರೂ ಓದಿಸದ ಶಾಪದ ಕೀರ್ತನೆ ಅದು. ಸಾಲ ಕೊಟ್ಟವನು ಅವನ ಸೊತ್ತನ್ನೆಲ್ಲ ಕಸಿದುಕೊಳ್ಳಲಿ ಎಂದು ಅದರ 11ನೇ ವಚನ ಕೇಳಿಕೊಳ್ಳುತ್ತದೆ. ಆ ಸಾಲ ಕೊಟ್ಟವನು ನಾನೇ ಎಂಬುದು ಅರಿವಾಗಿ ಒಂದು ದಿನ ಓದುತ್ತ ಓದುತ್ತ ನಗು ಬಂತು. ಅಂದಿನಿಂದ ಶಾಪದ ಬದಲಿಗೆ ಅವನ ಹೆಸರನ್ನಷ್ಟೇ ಹೇಳಿ ಸುಮ್ಮನಾಗತೊಡಗಿದೆ. ಹಿಂಸಿಸುವವರಿಗಾಗಿ ಪ್ರಾರ್ಥಿಸಿರಿ ಎಂಬ ಆಜ್ಞೆಯಲ್ಲಿ ನನ್ನಿಂದಾದದ್ದು ಬಹಳ ದಿನ ಅಷ್ಟೇ.

ಇನ್ನೊಂದು ಪ್ರಶ್ನೆ ಲೆಕ್ಕದವನಾಗಿ ನನ್ನನ್ನು ಕಾಡುತ್ತಿತ್ತು. 2008ರಲ್ಲಿ ಕೇಂದ್ರ ಸರ್ಕಾರ ರೈತರ ಸಾಲಮನ್ನಾ ಮಾಡಿದಾಗ ಆ ಹಣವೇನೂ ಮಾಯವಾಗಲಿಲ್ಲ. ಸರ್ಕಾರ ಬ್ಯಾಂಕುಗಳಿಗೆ ಭರಿಸಿತು. ಮನ್ನಾ ಎಂದರೆ ನಷ್ಟವನ್ನು ಸಾಲಗಾರನ ಬದಲು ಇನ್ನೊಬ್ಬರು ಹೊರುವುದು. ಕೊಲೊಸ್ಸೆಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ, ನಮಗೆ ವಿರುದ್ಧವಾಗಿದ್ದ ಪತ್ರವನ್ನು ದೇವರು ಅಳಿಸಿ ಶಿಲುಬೆಗೆ ಜಡಿದನು ಎನ್ನುವಲ್ಲಿರುವ ಗ್ರೀಕ್ ಪದಕ್ಕೆ ಕೈಬರಹದ ಸಾಲಪತ್ರ ಎಂದೇ ಅರ್ಥ. ಫಿಲೆಮೋನನಿಗೆ ಬರೆಯುವಾಗ ಪೌಲನು ಅವನ ದಾಸನಾದ ಒನೇಸಿಮನ ಬಾಕಿಯನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಹಸ್ತದಿಂದ ಬರೆದುಕೊಡುತ್ತಾನೆ. ನನ್ನ ನಷ್ಟ ಯಾರಿಂದಲೂ ಮರಳಿ ಬರುವುದಿಲ್ಲ, ಅದನ್ನು ಹೊರಬೇಕಾದವನು ನಾನೇ, ಆದರೆ ನನ್ನ ಕಡೆಯಿಂದ ಇನ್ನೊಂದು ದೊಡ್ಡ ಬಾಕಿಯನ್ನು ಇನ್ನೊಬ್ಬನು ಹೊತ್ತಿದ್ದಾನೆ ಎಂಬುದನ್ನು ಒಪ್ಪಿಕೊಳ್ಳಲು ಮತ್ತೊಂದು ವರ್ಷ ಬೇಕಾಯಿತು.

2017ರ ಜನವರಿಯಲ್ಲಿ, ತಪ್ಪು ಮಾಡಿದವನ ಬಳಿಗೆ ಒಬ್ಬನೇ ಹೋಗಿ ತಿಳಿಸು ಎಂಬ ಮತ್ತಾಯ 18:15ರಂತೆ, ಹುಬ್ಬಳ್ಳಿಗೆ ಹೋಗಿ ತಮ್ಮನನ್ನು ಹಳೆ ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಕಂಡೆ. ಬರೆದುಕೊಂಡ ಹಾಳೆಯಲ್ಲಿದ್ದದ್ದನ್ನೆಲ್ಲ ಹೇಳಿದೆ. ಅವನು ಚಹಾದ ಗ್ಲಾಸು ತಿರುಗಿಸುತ್ತ, "ಗಾಡಿ ಲಾಸ್ ಆತು ಅಣ್ಣಾ, ನಾ ಏನ್ ಮಾಡ್ಲಿ" ಎಂದ. ತಪ್ಪಾಯಿತು ಎನ್ನಲಿಲ್ಲ. ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದು ಲೂಕ 17:3 ಹೇಳುತ್ತದೆ. ಅದನ್ನೇ ಹಿಡಿದು ವಾಪಸು ಬರಬಹುದಾಗಿತ್ತು. ಆದರೆ ಬಿಡುವುದಕ್ಕೆ ನಾನೊಬ್ಬನೇ ಸಾಕು, ಕೂಡಿ ಬಾಳುವುದಕ್ಕೆ ಇಬ್ಬರೂ ಬೇಕು ಎಂದು ಅಷ್ಟು ಹೊತ್ತಿಗೆ ನನಗೆ ಮನವರಿಕೆಯಾಗಿತ್ತು. "ಹಣದ್ದು ಇನ್ನ ಕೇಳಂಗಿಲ್ಲ" ಎಂದು ಹೇಳಿ ಚಹಾದ ದುಡ್ಡು ಕೊಟ್ಟು ಎದ್ದೆ. ಬೈಬಲಿನಲ್ಲಿ ಏಸಾವನು ಓಡಿಬಂದು, ತನ್ನನ್ನು ವಂಚಿಸಿದ್ದ ತಮ್ಮನಾದ ಯಾಕೋಬನನ್ನು ತಬ್ಬಿಕೊಂಡ ಮೇಲೆಯೂ ಯಾಕೋಬನು ಅಣ್ಣನ ನಾಡಾದ ಸೇಯೀರಿಗೆ ಮೆಲ್ಲನೆ ಬರುತ್ತೇನೆಂದು ಹೇಳಿ ಸುಕ್ಕೋತಿಗೆ ಹೋದನಲ್ಲ; ಅವರಿಬ್ಬರನ್ನೂ ಮತ್ತೆ ಒಟ್ಟಿಗೆ ಕಾಣುವುದು ತಂದೆಯನ್ನು ಹೂಳುವಾಗ. ಮನೆಗೆ ಬಂದು ಕೆಂಪು ವಹಿಯ ಕೊನೆಯ ಪುಟದಲ್ಲಿ ಅಡ್ಡಲಾಗಿ 'ಮನ್ನಾ' ಎಂದು ಬರೆದು ತಾರೀಖು ಹಾಕಿದೆ. ಸುಡಲಿಲ್ಲ, ಮುಗಿದ ಖಾತೆಯ ಕಾಗದವನ್ನು ಸುಡುವ ಅಭ್ಯಾಸ ನಮ್ಮವರಿಗಿಲ್ಲ.

ಆಮೇಲೂ ಸಿಟ್ಟು ಬರುತ್ತಿತ್ತು. ಎಷ್ಟು ಸಲ ಕ್ಷಮಿಸಬೇಕು ಎಂಬ ಪ್ರಶ್ನೆಗೆ ಏಳೆಪ್ಪತ್ತು ಸಲ ಎಂಬ ಯೇಸುವಿನ ಉತ್ತರವನ್ನು ಅಷ್ಟು ಬೇರೆ ಬೇರೆ ಅಪರಾಧಗಳೆಂದು ಓದುತ್ತಿದ್ದೆ. ಒಂದೇ ಅಪರಾಧ ಅಷ್ಟು ಸಲ ನೆನಪಾಗುತ್ತದೆಂದು ಈಗ ಓದುತ್ತೇನೆ. ಈ ವಚನದ ಬಗ್ಗೆ ಇನ್ನೊಂದು ಮಾತು: ಗಂಡನ ಕೈಯಲ್ಲಿ ಪೆಟ್ಟು ತಿಂದು ಬಂದ ಹೆಣ್ಣುಮಗಳಿಗೆ ಇದನ್ನು ಓದಿ ಮನೆಗೆ ಕಳಿಸುವವರನ್ನು ನೋಡಿದ್ದೇನೆ. ಅದೇ ಅಧ್ಯಾಯದಲ್ಲಿ ಇದಕ್ಕೆ ಮೊದಲೇ, ಕೇಳದಿದ್ದರೆ ಸಾಕ್ಷಿಗಳನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಎಂಬ ಕ್ರಮವಿದೆ. ಅದನ್ನು ಹಾರಿಸಿ ಓದುವುದು ವಾಕ್ಯವನ್ನು ಓದಿದಂತಲ್ಲ.

2019ರಲ್ಲಿ ತಮ್ಮನು ಊರಿಗೆ ಮರಳಿ, ನಮ್ಮ ಸಭೆಗೇ ಬರತೊಡಗಿದ. 2022ರಲ್ಲಿ ಒಂದು ಸಂಜೆ ಮನೆಗೆ ಬಂದು ಮತ್ತೊಂದು ಸಾಲಕ್ಕೆ ಜಾಮೀನು ಕೇಳಿದ. ಹಾಕುವುದಿಲ್ಲ ಎಂದೆ. "ಹಂಗಾರ ನೀ ಕ್ಷಮಿಸಿಲ್ಲ" ಎಂದ. ಸಭೆಯ ಕೆಲವರೂ ಹಾಗೆಯೇ ಅಂದುಕೊಂಡರು. ಬೈಬಲಿನ ಯೋಸೇಫನು ತನ್ನನ್ನು ಮಾರಿಬಿಟ್ಟಿದ್ದ ಅಣ್ಣಂದಿರನ್ನು ವರ್ಷಗಳ ಮೇಲೆ ಕಂಡ ದಿನವೇ ತಾನು ಯಾರೆಂದು ಹೇಳಲಿಲ್ಲ. ಕಿರಿಯ ತಮ್ಮನಾದ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾನಪಾತ್ರೆ ಇಡಿಸಿ ಕಾದ. ತನ್ನನ್ನು ಮಾರೋಣ ಎಂದಿದ್ದ ಯೂದನೇ ಮುಂದೆ ಬಂದು, ಈ ಹುಡುಗನಿಗೆ ನಾನು ಹೊಣೆ, ಇವನ ಬದಲು ನನ್ನನ್ನು ದಾಸನನ್ನಾಗಿ ಇಟ್ಟುಕೋ ಎಂದ ಮೇಲೆಯೇ ಯೋಸೇಫನು ಅಳು ತಡೆಯಲಾರದೆ ಹೋದದ್ದು. ಕ್ಷಮೆ ಯೋಸೇಫನಲ್ಲಿ ಮೊದಲೇ ಇದ್ದಿರಬಹುದು, ನಂಬಿಕೆ ಮಾತ್ರ ಯೂದನು ಹೊಣೆಯಾದಾಗ ಹುಟ್ಟಿತು. ಹಳೆಯ ಬಾಕಿಯನ್ನು ಬಿಟ್ಟಿದ್ದೇನೆ, ಹೊಸ ಪತ್ರಕ್ಕೆ ಸಹಿ ಬೇರೆ ಮಾತು ಎಂದು ತಮ್ಮನಿಗೆ ಹೇಳಿದೆ. ಅವನು ಚಹಾ ಕುಡಿಯದೆ ಎದ್ದುಹೋದ.

ನಮ್ಮ ದಕ್ಷಿಣ ಭಾರತ ಸಭೆಯ ಪ್ರಭುಭೋಜನದ ಆರಾಧನೆಯಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಕ್ರಮವಿದೆ. ಕೊಡುವವನ ಬಲಗೈಗೆ ನಮ್ಮ ಬಲಗೈ ಹೊಂದಿಸಿ, ಎಡಗೈಯಿಂದ ಅದನ್ನು ಮುಚ್ಚಿ, ಆಮೇಲೆ ಪಕ್ಕದವರಿಗೆ ಕೊಡಬೇಕು. ಸಹೋದರರು ಒಂದಾಗಿರುವುದು ಎಷ್ಟು ಒಳ್ಳೇದು ಎಂಬ ಕೀರ್ತನೆಯ ವಚನವೂ ಅಲ್ಲಿಯೇ ಬರುತ್ತದೆ. ಆ ಸಂಜೆಯ ನಂತರದ ಎರಡು ಆರಾಧನೆಗಳಲ್ಲಿ ತಮ್ಮ ನನ್ನ ಸಾಲಿನ ಕಡೆ ತಿರುಗಲಿಲ್ಲ. ಮೂರನೆಯ ಸಲ ತಿರುಗಿದ, ಆದರೆ ನನ್ನನ್ನು ದಾಟಿ ನನ್ನ ಹೆಂಡತಿಯ ಕಡೆ ಕೈ ಚಾಚಿ, "ವೈನೀ" ಎಂದ. ಅಷ್ಟು ವರ್ಷಗಳಲ್ಲಿ ಅವನು ಅವಳನ್ನು ಮಾತಾಡಿಸಿದ್ದು ಅದೇ ಮೊದಲು. ಅವಳು ಬರಿಗೈಯನ್ನು ಮುಂದೆ ಮಾಡಿ, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

ಮನೆಗೆ ಬರುವ ದಾರಿಯಲ್ಲಿ ನಾನು ಏನೋ ಹೇಳಲು ಹೊರಟಾಗ ಅವಳೇ ಬಾಯಿಬಿಟ್ಟಳು: "ಕೈ ಅಷ್ಟ ಹಿಡದೇನಿ. ಪಾಟ್ಲೀದು ಇನ್ನೂ ಬಿಟ್ಟಿಲ್ಲ." ಸಂತೆಯಲ್ಲಿ ಬದನೆಕಾಯಿ ಚೆನ್ನಾಗಿದ್ದವು, ಒಂದು ಕಿಲೋ ತೆಗೆದುಕೊಂಡು ಬಂದೆವು.