ಏಳನೇ ಕ್ಲಾಸಿನ ಹನಿವಾ ಗೊಂಬೆಗಳು

ಮಕ್ಕಳ ಕೈಗೆ ಜೇಡಿಮಣ್ಣು ಕೊಟ್ಟರೆ ಮೊದಲು ಬರುವುದು ಗಣಪತಿ, ಆಮೇಲೆ ಹಾವು. ಎರಡೂ ಒಳಗೆ ಗಟ್ಟಿ. ಟೊಳ್ಳು ಗೊಂಬೆ ಕಲಿಸೋಣ ಅಂತ ನಾನು ಏಳನೇ ಕ್ಲಾಸಿಗೆ ತಂದದ್ದು ಹನಿವಾ, ಅಂದರೆ ಹಳೆಯ ಜಪಾನಿನ ಸುಟ್ಟ ಮಣ್ಣಿನ ಟೊಳ್ಳು ಗೊಂಬೆ.

ಅಲ್ಲಿ ಸುಮಾರು 3ರಿಂದ 6ನೇ ಶತಮಾನದವರೆಗೆ ಅರಸರು, ಮುಖಂಡರ ಸಮಾಧಿ ದಿಬ್ಬಗಳ ಮೇಲೆ ಇವನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಮೊದಮೊದಲು ಬರೀ ಕೊಳವೆ, ಬರಬರುತ್ತಾ ಮನೆ, ಕೋಳಿ, ಕುದುರೆ, ಮನುಷ್ಯರು. ನಾನು ತೋರಿಸುವ ಫೋಟೊ ಸೈತಾಮ ಪ್ರಾಂತ್ಯದಲ್ಲಿ ಸಿಕ್ಕ ಮನುಷ್ಯ ಗೊಂಬೆಗಳ ಜೋಡಿಯದು. ಆ ಜೋಡಿ ಈಗ ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಕಣ್ಣು ಬಾಯಿ ಎಲ್ಲ ಬರೀ ತೂತು. ಕುಣಿಯುವವರು ಅಂತಲೇ ಹೆಸರುವಾಸಿ, ಆದರೆ ಕುದುರೆಯ ಲಗಾಮು ಹಿಡಿದವರು ಅನ್ನುವ ವಾದವೂ ಇದೆ. ಇಷ್ಟು ಹೇಳಿದರೆ ಸಾಕು, ಕ್ಲಾಸಿನಲ್ಲಿ ಎರಡು ಪಕ್ಷ!

ಕುಂಬಾರರು ಹದ ಮಾಡಿದ ಮಣ್ಣನ್ನೇ ತರುತ್ತೇನೆ. ಚೆನ್ನಾಗಿ ನಾದಿ ಗಾಳಿ ತೆಗೆದು, ಬೆರಳು ದಪ್ಪದ ಹುರಿ ಹೊಸೆದು, ಒಂದರ ಮೇಲೊಂದು ಸುತ್ತಿ ಕೊಳವೆ ಏರಿಸಬೇಕು. ಒಂದು ಗೇಣು ಸಾಕು, ಜಾಸ್ತಿ ಆದರೆ ಕುಸಿಯುತ್ತದೆ. ಸುತ್ತುಗಳ ನಡುವೆ ಗೀರು ಹಾಕಿ, ತೆಳು ಕೆಸರು ಹಚ್ಚಿ, ಒಳಗೂ ಹೊರಗೂ ಉಜ್ಜಿ ಸೇರಿಸಬೇಕು. ಒಳಗಡೆ ಉಜ್ಜಲು ಮಕ್ಕಳಿಗೆ ಸೋಮಾರಿತನ, ಬಿರುಕು ಬಿಡುವುದೂ ಅಲ್ಲೇ.

ಮುಖ ಮಾರನೇ ದಿನ. ರಾತ್ರಿ ಪ್ಲಾಸ್ಟಿಕ್ ಹೊದಿಸಿಟ್ಟರೆ ಮಣ್ಣು ಬಿಗಿಯಾಗಿರುತ್ತದೆ, ಆದರೂ ಕೊಯ್ಯಲು ಬರುತ್ತದೆ. ನಿಜವಾದ ಜಗಳ ಶುರುವಾಗುವುದು ಆಗ. ಎಲ್ಲರಿಗೂ ರೆಪ್ಪೆ, ಗುಡ್ಡೆ, ತುಟಿ ಬೇಕು. ನಾನು ಬಿಡುವುದಿಲ್ಲ. ಕಣ್ಣನ್ನು ಆರಪಾರ ಕೊಯ್ದರೆ ಒಳಗಿನ ಕತ್ತಲೆಯೇ ಗುಡ್ಡೆ. ಗಟ್ಟಿ ಗೊಂಬೆಯಲ್ಲಿ ಎಷ್ಟು ಕೆತ್ತಿದರೂ ಆ ಕಪ್ಪು ಬರುವುದಿಲ್ಲ. ಅದಕ್ಕೇ ಮೊದಲು ಬಿಳಿ ಪೇಪರಿನಲ್ಲಿ ಕಣ್ಣು ಬಾಯಿ ಕತ್ತರಿಸಿ, ಕಪ್ಪು ಹಾಳೆಯ ಮೇಲಿಟ್ಟು ನೋಡಲು ಹೇಳುತ್ತೇನೆ. ಕಣ್ಣಿನ ಹೊರ ತುದಿ ಸ್ವಲ್ಪ ಇಳಿದರೆ ಅಳು, ಬಾಯಿ ದುಂಡಗಾದರೆ ಗಾಬರಿ, ಇನ್ನೂ ಸ್ವಲ್ಪ ಅಗಲಿಸಿದರೆ ಹಾಡುತ್ತಿರುವ ಹಾಗೆ ಕಾಣುತ್ತದೆ. ಇದನ್ನು ಕಂಡ ಮೇಲೆ ರೆಪ್ಪೆಯ ಮಾತು ತಾನಾಗಿ ನಿಲ್ಲುತ್ತದೆ.

ನೆರಳಿನಲ್ಲಿ ನಿಧಾನವಾಗಿ ಒಣಗಲಿ. ತೆಳ್ಳಗಿನ ಕೈಗಳು ಮೈಗಿಂತ ಬೇಗ ಒಣಗಿ ಬುಡದಲ್ಲಿ ಸೀಳುತ್ತವೆ, ಅವಕ್ಕೆ ಮಾತ್ರ ಒದ್ದೆ ಬಟ್ಟೆ ಸುತ್ತಿಡಿ. ಗಾಜಿನಂಥ ಹೊಳಪಿನ ಲೇಪ, ಅಂದರೆ ಗ್ಲೇಜ್ ಬೇಡ, ಹನಿವಾಕ್ಕೂ ಇರಲಿಲ್ಲ. ಕುಂಬಾರರ ಆವಿಗೆಯಲ್ಲಿ ಮಡಕೆಗಳ ಜೊತೆ ಸುಟ್ಟರೆ ಆಯ್ತು.

ಕುದುರೆ ಬೇಕು ಅನ್ನುವವರು ಇದ್ದೇ ಇರುತ್ತಾರೆ. ನಾಲ್ಕು ಕಾಲು ಬಿಗಿಯಾಗುವ ತನಕ ಮೈಯ ಭಾರ ಹೇರುವ ಹಾಗಿಲ್ಲ, ಹೇರಿದ ಮೇಲೂ ಹೊಟ್ಟೆಯ ಕೆಳಗೆ ಪೇಪರ್ ಉಂಡೆಯ ಆಸರೆ ಬೇಕು. ಅದನ್ನು ಎಂಟನೇ ಕ್ಲಾಸಿಗೆ ಇಟ್ಟುಕೊಂಡಿದ್ದೇನೆ.