ಹೊಸ ಸಿಟಿಓ ಕೇಳಬೇಕಾದ ಒಂದು ಪ್ರಶ್ನೆ

ಎಲ್ಲರೂ ಮನೆಯಿಂದಲೇ ಕೆಲಸ ಮಾಡುವ ಕಂಪನಿಗೆ ಸಿಟಿಓ (ತಂತ್ರಜ್ಞಾನ ವಿಭಾಗದ ಮುಖ್ಯಸ್ಥರು) ಆಗಿ ಸೇರಿದರೆ, ಮೊದಲ ಎರಡು ವಾರದಲ್ಲಿ ಟೀಮಿನ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಿ: ‘ಕೆಲಸ ಸಿಕ್ಕಿಹಾಕಿಕೊಂಡರೆ ಮೊದಲು ಯಾರಿಗೆ ಮೆಸೇಜ್ ಮಾಡ್ತೀರಿ?’ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಆಫೀಸಿನಲ್ಲಾದರೆ ಯಾರ ಮೇಜಿನ ಸುತ್ತ ಜನ ನಿಂತಿರುತ್ತಾರೆ ಅಂತ ಕಣ್ಣಿಗೇ ಕಾಣುತ್ತದೆ, ಅಲ್ವಾ? ಇಲ್ಲಿ ಅದೆಲ್ಲ ಇಬ್ಬರ ನಡುವಿನ ಚಾಟ್‌ನಲ್ಲೇ ಮುಗಿದುಹೋಗುತ್ತದೆ. ಡಿಪ್ಲಾಯ್‌ಮೆಂಟ್ (ಸಿದ್ಧವಾದ ಸಾಫ್ಟ್‌ವೇರನ್ನು ಬಳಕೆಗೆ ಬಿಡುವ ಕೆಲಸ) ವಿಷಯಕ್ಕೆ ಐದಾರು ಜನ ಒಬ್ಬರದೇ ಹೆಸರು ಹೇಳಿದರೆ, ಅವರು ರಜೆ ಹಾಕಿದ ದಿನ ರಿಲೀಸ್ ನಿಂತುಹೋಗಬಹುದು. ಅವರ ಜೊತೆ ಕಾಲ್‌ನಲ್ಲಿ ಕೂತು ಅವರಿಗೆ ತಿಳಿದದ್ದನ್ನೆಲ್ಲ ಬರೆಸಿಡಿ. ಹೊಸ ಟೂಲ್ ತರೋದು ಆಮೇಲೆ. ಗ್ರೂಪ್ ಕಾಲ್‌ನಲ್ಲಿ ಈ ಪ್ರಶ್ನೆ ಕೇಳಲೇಬೇಡಿ, ಜಾಸ್ತಿ ಜನ ಸುಮ್ನೆ ಮ್ಯಾನೇಜರ್ ಹೆಸರು ಹೇಳಿಬಿಡುತ್ತಾರೆ. ಕಂಪನಿ ಈಚೆಗಷ್ಟೇ ಕೆಲವರನ್ನು ಕೆಲಸದಿಂದ ತೆಗೆದಿದ್ದರೆ, ಉಳಿದವರು ಹೆದರಿ ಸರಿಯಾದ ಉತ್ತರ ಕೊಡದಿರಬಹುದು. ಹಾಗಾಗಿ ಯಾಕೆ ಕೇಳುತ್ತಿದ್ದೀರಿ ಅಂತ ಮೊದಲೇ ಹೇಳಿ.