30×40 ಸೈಟಿನ ಪ್ಲಾನ್ ಆಟೋಕ್ಯಾಡ್‌ನಲ್ಲಿ ಹಾಕುವ ಬಗೆ

ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಓದುತ್ತಿರಲಿ, ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡುತ್ತಿರಲಿ, ಕಂಪ್ಯೂಟರಿನಲ್ಲಿ ನಕ್ಷೆ ಹಾಕುವ ಆಟೋಕ್ಯಾಡ್ ಸಾಫ್ಟ್‌ವೇರಿನ ಲೈನ್, ಟ್ರಿಮ್, ಆಫ್‌ಸೆಟ್ ಕಮಾಂಡುಗಳು ಬೇಗ ಕೈಗೆ ಹತ್ತುತ್ತವೆ. ಕಷ್ಟ ಇರುವುದು ಒಂದು ಪೂರ್ತಿ ಪ್ಲಾನ್ ಹಾಕಿ, ಪ್ರಿಂಟ್ ತೆಗೆದು, ಅದನ್ನು ನೋಡಿಕೊಂಡು ಮೇಸ್ತ್ರಿ ಪಾಯಕ್ಕೆ ಸುಣ್ಣದ ಗುರುತು ಹಾಕುವ ಹಾಗೆ ಮಾಡುವುದರಲ್ಲಿ. ಅದನ್ನು ಕಲಿಯಲು ನಮ್ಮೂರ 30×40 ಅಡಿ ಸೈಟಿಗಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ. ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಾಗಿಲ್ಲ: ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಒಂದು ವರ್ಷದ ಉಚಿತ ಲೈಸೆನ್ಸ್ ಕೊಡುತ್ತದೆ, ಓದು ಮುಗಿಯದಿದ್ದರೆ ಅದನ್ನು ನವೀಕರಿಸಿಕೊಳ್ಳಬಹುದು.

ಮೊದಲು ಟೇಪು, ಆಮೇಲೆ ಮೌಸು

ಪತ್ರದಲ್ಲಿ 30×40 ಎಂದಿದ್ದ ಮಾತ್ರಕ್ಕೆ ನೆಲದ ಮೇಲೆ ಸೈಟು ಅಷ್ಟೇ ಇರಬೇಕೆಂದಿಲ್ಲ. ನಾಲ್ಕು ಬದಿಗಳ ಜೊತೆಗೆ ಎರಡು ಕರ್ಣಗಳನ್ನೂ ಅಳೆಯಿರಿ. ಮೂಲೆಗಳು ಮಟ್ಟವಾಗಿದ್ದರೆ 30, 40ಕ್ಕೆ ಕರ್ಣ ಸರಿಯಾಗಿ 50 ಅಡಿ, ಅಂದರೆ 15240 ಮಿ.ಮೀ. ಒಂದು ಕರ್ಣ 50 ಅಡಿ 4 ಇಂಚು, ಇನ್ನೊಂದು 49 ಅಡಿ 8 ಇಂಚು ಬಂದರೆ ಸೈಟು ಓರೆಯಾಗಿದೆ ಎಂದೇ ಅರ್ಥ. ಅಂಥ ಜಾಗಕ್ಕೆ ಸುಮ್ಮನೆ ಆಯತ ಎಳೆದುಬಿಟ್ಟರೆ ಮನೆಯ ಒಂದು ಮೂಲೆ ಪಕ್ಕದವರ ಕಾಂಪೌಂಡಿನ ಕಡೆ ಸರಿಯುತ್ತದೆ.

ಓರೆ ಸೈಟನ್ನು ಕ್ಯಾಡ್‌ನಲ್ಲಿ ತರುವುದು ಸುಲಭ. ರಸ್ತೆ ಕಡೆಯ ಬದಿಯನ್ನು ಒಂದು ಗೆರೆಯಾಗಿ ಹಾಕಿ. ಅದರ ಎಡತುದಿಯಿಂದ ಎಡಬದಿಯಷ್ಟು ತ್ರಿಜ್ಯದ ಒಂದು ವೃತ್ತ, ಬಲತುದಿಯಿಂದ ಕರ್ಣದಷ್ಟು ತ್ರಿಜ್ಯದ ಇನ್ನೊಂದು ವೃತ್ತ. ಎರಡೂ ಕೂಡುವ ಬಿಂದುವೇ ಹಿಂದಿನ ಎಡಮೂಲೆ. ಆ ಮೂಲೆಯಿಂದ ಹಿಂಬದಿಯಷ್ಟು, ಬಲತುದಿಯಿಂದ ಬಲಬದಿಯಷ್ಟು ವೃತ್ತ ಹಾಕಿದರೆ ನಾಲ್ಕನೆಯ ಮೂಲೆಯೂ ಸಿಗುತ್ತದೆ. ಎರಡನೆಯ ಕರ್ಣವನ್ನು ಎಲ್ಲೂ ಬಳಸದೆ ತಾಳೆ ನೋಡಲು ಉಳಿಸಿಕೊಳ್ಳಿ. ಡಿಸ್ಟ್ ಕಮಾಂಡಿನಲ್ಲಿ ಬಂದ ಅಳತೆಗೂ ಟೇಪಿನ ಅಳತೆಗೂ ಇಂಚುಗಟ್ಟಲೆ ವ್ಯತ್ಯಾಸ ಇದ್ದರೆ ಮತ್ತೆ ಹೋಗಿ ಅಳೆಯಬೇಕು, ಸ್ಕ್ರೀನಿನ ಮೇಲೆ ಸರಿಮಾಡಬಾರದು.

ಫೈಲು ತೆರೆಯುವಾಗಲೇ ಆಗುವ ತಪ್ಪು

ಹೊಸ ಫೈಲಿಗೆ ಆಕಾಡ್‌ಐಎಸ್‌ಒ ಟೆಂಪ್ಲೇಟನ್ನೇ (ಮೊದಲೇ ಹೊಂದಿಸಿಟ್ಟ ಖಾಲಿ ಫೈಲು, ಇದು ಮಿಲಿಮೀಟರಿನದು) ಆರಿಸಿ. ಬರೀ ಆಕಾಡ್ ಎಂದಿರುವುದು ಇಂಚಿನ ಟೆಂಪ್ಲೇಟು. ಅದರಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಪ್ಲಾನ್ ಹಾಕಿದರೆ ತುಂಡುಗೆರೆಗಳು ಒತ್ತೊತ್ತಾಗಿ ಸೇರಿ ಪೂರ್ತಿ ಗೆರೆಯಂತೆ ಕಾಣುತ್ತವೆ, ಹೊರಗಿನಿಂದ ತಂದ ಮಂಚ, ಸೋಫಾ ಬ್ಲಾಕುಗಳು (ಸಿದ್ಧ ಚಿತ್ರಗಳು) 25.4 ಪಟ್ಟು ದೊಡ್ಡದಾಗಿಯೋ ಚಿಕ್ಕದಾಗಿಯೋ ಬಂದು ಬೀಳುತ್ತವೆ. ಯೂನಿಟ್ಸ್ ಕಮಾಂಡಿನಲ್ಲಿ ಇನ್ಸರ್ಷನ್ ಸ್ಕೇಲ್ ಮಿಲಿಮೀಟರ್ ಎಂದಿದೆಯೇ ನೋಡಿಕೊಳ್ಳಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು: ಮಾಡೆಲ್ ಸ್ಪೇಸಿನಲ್ಲಿ, ಅಂದರೆ ಗೆರೆ ಎಳೆಯುವ ಜಾಗದಲ್ಲಿ, ಎಲ್ಲವೂ ನಿಜವಾದ ಅಳತೆಯಲ್ಲೇ ಇರಬೇಕು. 30 ಅಡಿ ಎಂದರೆ 9144 ಮಿ.ಮೀ., 40 ಅಡಿ ಎಂದರೆ 12192. ಡ್ರಾಯಿಂಗ್ ಬೋರ್ಡಿನ ಮೇಲೆ ಕೆಲಸ ಮಾಡಿ ಬಂದವರಿಗೆ 1:50 ಸ್ಕೇಲಿಗೆಂದು 50ರಿಂದ ಭಾಗಿಸಿ ಗೆರೆ ಎಳೆಯುವ ಅಭ್ಯಾಸ ಇರುತ್ತದೆ. ಅದನ್ನು ಇಲ್ಲಿ ಪೂರ್ತಿ ಬಿಡಿ. ಸ್ಕೇಲಿನ ವಿಚಾರ ಬರುವುದು ಕೊನೆಗೆ, ಪ್ರಿಂಟಿನ ಹಾಳೆ ಹೊಂದಿಸುವ ಲೇಔಟಿನಲ್ಲಿ.

ಲೇಯರುಗಳು (ಒಂದೊಂದು ಬಗೆಯ ಗೆರೆಗೆ ಒಂದೊಂದು ಪದರ) ಹೆಚ್ಚು ಬೇಡ: ಗೋಡೆ, ಬಾಗಿಲು-ಕಿಟಕಿ, ಮೆಟ್ಟಿಲು, ಪೀಠೋಪಕರಣ, ಹ್ಯಾಚ್ (ಗೋಡೆಯಂಥ ಜಾಗದೊಳಗೆ ತುಂಬುವ ಗೆರೆಗಳು), ಅಳತೆ, ಅಕ್ಷರ. ಗೋಡೆಗೆ 0.50 ಮಿ.ಮೀ. ಗೆರೆದಪ್ಪ, ಬಾಗಿಲಿಗೆ 0.25, ಅಳತೆಗೂ ಹ್ಯಾಚಿಗೂ 0.13 ಇಟ್ಟರೆ ಪ್ರಿಂಟಿನಲ್ಲಿ ಗೋಡೆ ಎದ್ದು ಕಾಣುತ್ತದೆ. ಬ್ಲಾಕ್ ಮಾಡುವ ಚಿತ್ರವನ್ನು ಸೊನ್ನೆ ಲೇಯರಿನಲ್ಲೇ ಹಾಕಿ, ಆಗ ಇಟ್ಟ ಲೇಯರಿನ ಬಣ್ಣವನ್ನು ಅದೇ ತೆಗೆದುಕೊಳ್ಳುತ್ತದೆ. ಡೆಫ್‌ಪಾಯಿಂಟ್ಸ್ ಎಂದು ತಾನಾಗಿ ಬರುವ ಲೇಯರಿನಲ್ಲಿ ಏನೂ ಹಾಕಬೇಡಿ, ಅದು ಪ್ರಿಂಟ್ ಆಗುವುದಿಲ್ಲ.

ಗೋಡೆ, ಬಾಗಿಲು

ಇಟ್ಟಿಗೆಯದಾದರೆ ಹೊರಗೋಡೆ 230, ಒಳಗೋಡೆ 115. ಸಿಮೆಂಟ್ ಬ್ಲಾಕಿನದಾದರೆ 200, 150, 100ರ ಲೆಕ್ಕ. ಮನೆಯ ಹೊರಗೆರೆಯನ್ನು ಪಾಲಿಲೈನಿನಲ್ಲಿ (ಮೂಲೆಗಳು ಕೂಡಿದ ಒಂದೇ ಗೆರೆ) ಹಾಕಿ ಗೋಡೆಯ ದಪ್ಪದಷ್ಟು ಒಳಕ್ಕೆ ಆಫ್‌ಸೆಟ್ ಮಾಡಿ. ಕೋಣೆಗಳ ಗೆರೆ ಹಾಕಿದ ಮೇಲೆ ಒಮ್ಮೆ ಕೂಡಿ ನೋಡಿ: 230 + 3000 + 115 + 3200 + 230 = 6775. ಹೊರಗಿನ ಒಟ್ಟು ಅಳತೆಯೂ ಇಷ್ಟೇ ಬರಬೇಕು. ಬಾರದಿದ್ದರೆ ಎಲ್ಲೋ ಒಂದು ಗೋಡೆಯ ದಪ್ಪ ಬಿಟ್ಟುಹೋಗಿದೆ.

ಬಾಗಿಲುಗಳು ಸಾಮಾನ್ಯವಾಗಿ ಮುಂಬಾಗಿಲಿಗೆ 1050, ಕೋಣೆಗೆ 900, ಬಚ್ಚಲಿಗೆ 750 ಅಗಲ, ಎಲ್ಲಕ್ಕೂ 2100 ಎತ್ತರ. ಬಾಗಿಲನ್ನು ಅಡ್ಡಗೋಡೆಗೆ ತಾಗಿಸಿ ಹಾಕಬೇಡಿ, ಚೌಕಟ್ಟು ಕೂರಲು 100 ಮಿ.ಮೀ.ನಷ್ಟಾದರೂ ಗೋಡೆ ಬಿಡಿ.

ಮೆಟ್ಟಿಲು

ಹೆಚ್ಚಿನವರು ಎಡವುವುದು ಇಲ್ಲೇ. ನೆಲದಿಂದ ಮೇಲಿನ ಅಂತಸ್ತಿನ ನೆಲಕ್ಕೆ 3000 ಎತ್ತರ ಎಂದಿಟ್ಟುಕೊಳ್ಳಿ. ಒಂದೊಂದು ಮೆಟ್ಟಿಲಿನ ಎತ್ತು (ರೈಸರ್) 150 ಆದರೆ ಒಟ್ಟು 20 ಎತ್ತುಗಳು. ಮಧ್ಯೆ ತಿರುಗುವ ಮೆಟ್ಟಿಲಾದ್ದರಿಂದ ಕೆಳಗೆ 10, ಮೇಲೆ 10. ಆದರೆ ಕಾಲಿಡುವ ಹಾಸು ಪ್ರತಿ ಸಾಲಿಗೆ 9 ಮಾತ್ರ, ಏಕೆಂದರೆ ಹತ್ತನೆಯ ಎತ್ತು ಹತ್ತಿದರೆ ನೀವು ತಿರುಗುವ ಜಾಗವಾದ ಲ್ಯಾಂಡಿಂಗ್ ಮೇಲೆಯೇ ಇರುತ್ತೀರಿ. ಹಾಸು 250 ಆದರೆ 9×250 = 2250, ಲ್ಯಾಂಡಿಂಗ್ 900 ಸೇರಿ 3150 ಉದ್ದ. ಅಗಲ 900 + 900, ನಡುವೆ 100 ಬಿಟ್ಟರೆ 1900. ಹತ್ತು ಹಾಸು ಹಾಕಿದವರ ಪ್ಲಾನಿನಲ್ಲಿ 250 ಮಿ.ಮೀ. ಹೆಚ್ಚಾಗಿ, ಲ್ಯಾಂಡಿಂಗ್ 650ಕ್ಕೆ ಕುಗ್ಗಿರುತ್ತದೆ. ಅಲ್ಲಿ ಬೀರು ತಿರುಗಿಸಲಾಗದು.

ಲ್ಯಾಂಡಿಂಗ್ ಕೆಳಗೆ ಟಾಯ್ಲೆಟ್ ತೋರಿಸುವುದು ಇನ್ನೊಂದು ತಪ್ಪು. ಈ ಲೆಕ್ಕದಲ್ಲಿ ಲ್ಯಾಂಡಿಂಗ್ ಇರುವುದು 1500 ಎತ್ತರದಲ್ಲಿ, ಅದರ ಸ್ಲ್ಯಾಬಿನ ದಪ್ಪ ಕಳೆದರೆ ಮನುಷ್ಯ ನಿಲ್ಲುವಷ್ಟು ಜಾಗ ಇರುವುದಿಲ್ಲ. ಪ್ಲಾನಿನಲ್ಲಿ ಚೆಂದ ಕಾಣುತ್ತದೆ, ಸೆಕ್ಷನ್ (ಮನೆಯನ್ನು ನೆಟ್ಟಗೆ ಸೀಳಿದಂತೆ ತೋರಿಸುವ ಚಿತ್ರ) ಹಾಕಿದ ಕೂಡಲೇ ಬಣ್ಣ ಬಯಲಾಗುತ್ತದೆ. ಮೆಟ್ಟಿಲಿರುವಲ್ಲಿ ಸೆಕ್ಷನ್ ಹಾಕದೆ ಪ್ಲಾನ್ ಮುಗಿಯಿತು ಎನ್ನಬೇಡಿ.

ಹ್ಯಾಚ್ ತುಂಬದಿದ್ದರೆ ಎಲ್ಲೋ ಮೂಲೆಯಲ್ಲಿ ಸಂದಿ ಇದೆ. ಆಟೋಕ್ಯಾಡ್ ಅಲ್ಲಿ ಕೆಂಪು ವೃತ್ತ ತೋರಿಸುತ್ತದೆ. ತ್ರಿಜ್ಯ ಸೊನ್ನೆ ಇಟ್ಟು ಆ ಎರಡು ಗೆರೆಗಳಿಗೆ ಫಿಲೆಟ್ ಕಮಾಂಡ್ ಕೊಟ್ಟರೆ ಮೂಲೆ ಕೂಡಿಕೊಳ್ಳುತ್ತದೆ.

ಅಳತೆ, ಲೇಔಟು, ಪ್ರಿಂಟು

1:50ರಲ್ಲಿ ಈ ಸೈಟು ಕಾಗದದ ಮೇಲೆ 183×244 ಮಿ.ಮೀ. ಆಗುತ್ತದೆ. ಎ3 ಹಾಳೆಯ ಎತ್ತರ 297. ಮಾರ್ಜಿನ್, ಹೊರಗಿನ ಅಳತೆಯ ಸಾಲುಗಳು ಸೇರಿದರೆ ಪ್ಲಾನ್ ಅದರಲ್ಲಿ ಉಸಿರುಗಟ್ಟುತ್ತದೆ. ಎರಡು ಅಂತಸ್ತುಗಳನ್ನು ಪಕ್ಕಪಕ್ಕ ತೋರಿಸಲು 420×594ರ ಎ2 ಒಪ್ಪುತ್ತದೆ. ಎ3 ಮಾತ್ರ ಇದ್ದರೆ 1:100 ಇಡಿ, ಆಗ ಸೈಟು 91×122ಕ್ಕೆ ಇಳಿಯುತ್ತದೆ.

ಅಕ್ಷರ ಕಾಗದದ ಮೇಲೆ 2.5 ಮಿ.ಮೀ. ಬರಬೇಕಾದರೆ 1:50ಕ್ಕೆ ಮಾಡೆಲಿನಲ್ಲಿ 125, 1:100ಕ್ಕೆ 250 ಎತ್ತರ ಕೊಡಬೇಕು. ಡೈಮೆನ್ಷನ್ ಸ್ಟೈಲಿನಲ್ಲಿ ಅಕ್ಷರ 2.5 ಇಟ್ಟು ಓವರಾಲ್ ಸ್ಕೇಲ್ 50 ಎಂದು ಕೊಟ್ಟರೆ ಸಾಕು. ಮೇಸ್ತ್ರಿಗಳ ಲೆಕ್ಕ ಇವತ್ತಿಗೂ ಅಡಿ-ಇಂಚಿನಲ್ಲೇ ಹೆಚ್ಚು. ಆದ್ದರಿಂದ ಆಲ್ಟರ್ನೇಟ್ ಯೂನಿಟ್ಸ್ ಚಾಲೂ ಮಾಡಿ ಆರ್ಕಿಟೆಕ್ಚರಲ್ ಆರಿಸಿ, ಗುಣಕ 0.03937 ಇಡಿ. 3000ದ ಪಕ್ಕದಲ್ಲೇ ಅಡಿ-ಇಂಚು ಬರುತ್ತದೆ, ಕೆಲಸದ ಜಾಗದಲ್ಲಿ ಯಾರೂ ಗುಣಿಸಿ ತಪ್ಪು ಮಾಡುವುದಿಲ್ಲ. ಅಳತೆಯ ಅಂಕಿಯನ್ನು ಕೈಯಿಂದ ತಿದ್ದಿ ಬರೆಯುವ ಅಭ್ಯಾಸ ಮಾತ್ರ ಬೇಡವೇ ಬೇಡ. ಗೋಡೆ ಸರಿಸಿದರೂ ಸುಳ್ಳು ಅಂಕಿ ಹಾಗೇ ಉಳಿಯುತ್ತದೆ.

ಲೇಔಟಿನಲ್ಲಿ ವ್ಯೂಪೋರ್ಟ್ (ಹಾಳೆಯ ಮೇಲೆ ಪ್ಲಾನ್ ಕಾಣುವ ಕಿಟಕಿ) ತೆರೆದು ಸ್ಕೇಲ್ ಪಟ್ಟಿಯಿಂದ 1:50 ಆರಿಸಿ, ಕೂಡಲೇ ಅದಕ್ಕೆ ಬೀಗ (ಲಾಕ್) ಹಾಕಿ. ಹಾಕದಿದ್ದರೆ ಮೌಸಿನ ಚಕ್ರ ಒಮ್ಮೆ ತಿರುಗಿದರೂ ಸ್ಕೇಲ್ ಕೆಡುತ್ತದೆ. ಪ್ಲಾಟ್ (ಪ್ರಿಂಟ್) ಮಾಡುವಾಗ ಪ್ಲಾಟ್ ಸ್ಕೇಲ್ 1:1 ಇರಲಿ, ಫಿಟ್ ಟು ಪೇಪರ್ ಗುರುತು ತೆಗೆಯಿರಿ. ಪ್ಲಾಟ್ ಸ್ಟೈಲ್ ಮೋನೋಕ್ರೋಮ್ ಆಗಿರಲಿ, ಇಲ್ಲದಿದ್ದರೆ ಹಳದಿ ಗೆರೆಗಳು ಬಿಳಿ ಹಾಳೆಯಲ್ಲಿ ಮಾಯವಾಗುತ್ತವೆ. ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಗೆ ಕೊಡುವುದಾದರೆ ಅಲ್ಲಿಯೂ ಆಕ್ಚುಯಲ್ ಸೈಜ್ ಎಂದು ಹೇಳಿ. ಹಾಳೆ ಕೈಗೆ ಬಂದ ಕೂಡಲೇ ಸ್ಕೇಲಿಟ್ಟು ನೋಡಿ: ಸೈಟಿನ ಅಗಲ 183 ಇರಲೇಬೇಕು. 175 ಇದ್ದರೆ ಯಾರೋ ಕುಗ್ಗಿಸಿದ್ದಾರೆ, ವಾಪಸ್ ಕೊಡಿ.

ಫೈಲಿನ ಜೋಪಾನವೂ ಬೇಕು. ಪೆನ್‌ಡ್ರೈವಿನಿಂದಲೇ ತೆರೆದು ಕೆಲಸ ಮಾಡಬೇಡಿ, ಡೆಸ್ಕ್‌ಟಾಪಿಗೆ ಕಾಪಿ ಮಾಡಿಕೊಳ್ಳಿ, ಹೊರಡುವಾಗ ಮತ್ತೆ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಲ್ಯಾಬಿನಲ್ಲಿ ಹಳೆಯ ಆವೃತ್ತಿ ಇದ್ದರೆ ಮನೆಯಲ್ಲಿ ಸೇವ್ ಆ್ಯಸ್ ಕೊಟ್ಟು 2010ರ ಡಿಡಬ್ಲ್ಯೂಜಿ (ಆಟೋಕ್ಯಾಡ್ ಫೈಲಿನ) ರೂಪದಲ್ಲಿ ಉಳಿಸಿ. ಕರೆಂಟ್ ಹೋಗಿ ಫೈಲು ಕೆಟ್ಟರೆ ಮೊದಲು ರಿಕವರ್ ಕಮಾಂಡ್ ನೋಡಿ. ಅದಕ್ಕೂ ಬಗ್ಗದಿದ್ದರೆ ಅದೇ ಫೋಲ್ಡರಿನಲ್ಲಿರುವ ಬಿಎಕೆ ಫೈಲಿನ (ಆಟೋಕ್ಯಾಡ್ ತಾನೇ ಇಡುವ ಹಿಂದಿನ ಪ್ರತಿ) ಹೆಸರಿನ ಕೊನೆಯ ಅಕ್ಷರಗಳನ್ನು ಡಿಡಬ್ಲ್ಯೂಜಿ ಎಂದು ಬದಲಿಸಿ ತೆರೆಯಿರಿ, ಹಿಂದಿನ ಸಲ ಸೇವ್ ಮಾಡಿದ್ದರವರೆಗಿನ ಕೆಲಸ ಸಿಗುತ್ತದೆ.